ಅಪೀಲಿಲ್ಲದ ನಾಡು

ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ‘ಅಜ್ಜಿ ಹೇಳಿಯಾಯಿತಲ್ಲ, ಇನ್ನು ಅದಕ್ಕೆ ಅಪೀಲಿಲ್ಲ.’ ಮದುವೆಗೆ ಯಾವ ಸೀರೆ ತರುವುದು, ಹಬ್ಬಕ್ಕೆ ಹೋಳಿಗೆಯೋ ಕಡುಬೋ, ಹುಡುಗಿಯನ್ನು ಮುಂದೆ ಓದಿಸುವುದೋ ಬೇಡವೋ, ಎಲ್ಲದಕ್ಕೂ ಇದೇ ಮಾತು. ಜನ್ಮದಲ್ಲಿ ಕೋರ್ಟಿನ ಮೆಟ್ಟಿಲು ಹತ್ತದ ಹೆಂಗಸರೂ ಇದನ್ನು ಸಲೀಸಾಗಿ ಆಡುತ್ತಾರೆ. ಜಾಮೀನು, ವಾಯಿದೆ, ಫಿರ್ಯಾದು ಇವೆಲ್ಲ ಹಾಗೆಯೇ ಕಚೇರಿಯಿಂದ ನಡೆದು ನಡೆದು ಅಡುಗೆಮನೆಯವರೆಗೆ ಬಂದ ಶಬ್ದಗಳು. ಆದರೆ ಅಪೀಲು ಎಂಬುದರಲ್ಲಿ ಮಾತ್ರ ಒಂದಿಷ್ಟು ಆಸೆ ಅಡಗಿದೆ. ಇವರು ಇಲ್ಲವೆಂದರೆ ಇವರ ಮೇಲೆ ಇನ್ನೊಬ್ಬರಿದ್ದಾರೆ, ಅವರ ಬಾಗಿಲು ತಟ್ಟಿ ನೋಡೋಣ ಎಂಬ ಆಸೆ.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಹಳ ವರ್ಷ ಇತಿಹಾಸ ಪಾಠ ಹೇಳಿದವಳು. ಬ್ರಿಟಿಷರು ನಮಗೆ ರೈಲು ಕೊಟ್ಟರು, ಅಂಚೆ ಕೊಟ್ಟರು, ಕಾನೂನು ಕೊಟ್ಟರು ಎಂದು ನೋಟ್ಸು ಬರೆಸಿದವಳು. ಅವರು ತಮ್ಮ ನಾಡಿನಲ್ಲಿದ್ದುದನ್ನೇ ಹಡಗಿಗೇರಿಸಿ ಇಲ್ಲಿಗೆ ತಂದರು ಎಂಬುದು ನಮ್ಮೆಲ್ಲರ ತಿಳುವಳಿಕೆ. ಅಪೀಲಿನ ವಿಷಯದಲ್ಲಿ ಕಥೆ ತಿರುಗುಮುರುಗಾಗಿದೆ. ಕೊಲೆಗಾರನೆಂದು ತೀರ್ಪಾದವನು ಮೇಲಿನ ಕೋರ್ಟಿಗೆ ಹೋಗಿ, ಸಾಕ್ಷಿಗಳನ್ನು ಇನ್ನೊಮ್ಮೆ ನೋಡಿ ಸ್ವಾಮಿ ಎಂದು ಕೇಳುವ ಹಕ್ಕು ನಮ್ಮ ದೇಶದಲ್ಲಿ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 1872ರಲ್ಲಿ ಅದು ಇನ್ನಷ್ಟು ಒಪ್ಪವಾಯಿತು. ಸೆಷನ್ಸ್ ನ್ಯಾಯಾಧೀಶರು ಗಲ್ಲು ವಿಧಿಸಿದರೆ ಅದು ಅಲ್ಲಿಗೇ ಮುಗಿಯುವಂತಿರಲಿಲ್ಲ, ಹೈಕೋರ್ಟು ಕಡತ ತರಿಸಿಕೊಂಡು ಓದಿ ದೃಢೀಕರಿಸಿದ ಮೇಲೆಯೇ ಹಗ್ಗ. ನಮ್ಮ ಮೈಸೂರು ಸಂಸ್ಥಾನದಲ್ಲೂ 1884ರಲ್ಲಿ ಚೀಫ್ ಕೋರ್ಟು ಸ್ಥಾಪನೆಯಾಯಿತು. ಆದರೆ ಸಾಕ್ಷಾತ್ ಇಂಗ್ಲೆಂಡಿನಲ್ಲಿ, ಲಂಡನ್ನಿನಲ್ಲಿ, ಲಿವರ್‌ಪೂಲಿನಲ್ಲಿ, 1908ರವರೆಗೆ ಅಂಥ ಕೋರ್ಟೇ ಇರಲಿಲ್ಲ. ಹಣಕಾಸಿನ ವ್ಯಾಜ್ಯವಾದರೆ ಮೇಲಕ್ಕೆ, ಅದಕ್ಕೂ ಮೇಲಕ್ಕೆ ಹೋಗಬಹುದಿತ್ತು. ಕೊರಳಿನ ವ್ಯಾಜ್ಯವಾದರೆ ಹನ್ನೆರಡು ಜನ ಜ್ಯೂರಿಗಳು ಹೇಳಿದ್ದೇ ಕಡೆಯ ಮಾತು.

ಇದು ನನಗೆ ಮನದಟ್ಟಾದದ್ದು ಯಾವ ಕಾನೂನಿನ ಪುಸ್ತಕದಿಂದಲೂ ಅಲ್ಲ, ಫ್ಲಾರೆನ್ಸ್ ಮೇಬ್ರಿಕ್ ಎಂಬ ಹೆಂಗಸಿನ ಕಥೆಯಿಂದ. ಅದನ್ನು ತುಸು ಸಾವಕಾಶವಾಗಿಯೇ ಹೇಳಬೇಕು.

ಆಕೆ ಅಮೆರಿಕದ ಅಲಬಾಮದವಳು, 1862ರಲ್ಲಿ ಹುಟ್ಟಿದವಳು. ಹದಿನೆಂಟರ ಹುಡುಗಿ ತಾಯಿಯ ಜೊತೆ ಯೂರೋಪಿಗೆ ಹಡಗಿನಲ್ಲಿ ಹೋಗುವಾಗ ಜೇಮ್ಸ್ ಮೇಬ್ರಿಕ್ ಎಂಬ ಲಿವರ್‌ಪೂಲಿನ ಹತ್ತಿ ವ್ಯಾಪಾರಿಯ ಪರಿಚಯವಾಯಿತು. ಅವನಿಗೆ ನಲವತ್ತು ದಾಟಿತ್ತು. 1881ರಲ್ಲಿ ಮದುವೆಯಾಯಿತು. ದೊಡ್ಡ ಮನೆ, ಆಳುಕಾಳು, ಒಂದು ಗಂಡು ಒಂದು ಹೆಣ್ಣು ಮಗು. ಹೊರಗಿನಿಂದ ನೋಡಿದವರಿಗೆ ಏನೂ ಕಡಿಮೆಯಿರಲಿಲ್ಲ. ಒಳಗೆ ಸಾಲ ಬೆಳೆಯುತ್ತಿತ್ತು. ಗಂಡನಿಗೆ ಮದುವೆಗೆ ಮೊದಲಿನಿಂದಲೂ ಇನ್ನೊಂದು ಸಂಸಾರವಿತ್ತು, ಅಲ್ಲಿ ಮಕ್ಕಳೂ ಇದ್ದರು. ಸಾಲದ್ದಕ್ಕೆ ಅವನಿಗೊಂದು ವಿಚಿತ್ರ ಚಟ. ಶಕ್ತಿಗೆಂದು, ಉತ್ಸಾಹಕ್ಕೆಂದು, ನಾವು ಪಾಷಾಣ ಎನ್ನುವ ಆರ್ಸೆನಿಕ್ಕನ್ನು ಚಿಟಿಕೆ ಚಿಟಿಕೆಯಾಗಿ ತಿನ್ನುವುದು. ಆ ಕಾಲದ ಗಂಡಸರಲ್ಲಿ ಅದೇನೂ ಅಪರೂಪವಾಗಿರಲಿಲ್ಲವಂತೆ.

ಫ್ಲಾರೆನ್ಸಳೂ ಒಬ್ಬ ಪರಪುರುಷನ ಸ್ನೇಹ ಮಾಡಿದಳು. 1889ರ ಮಾರ್ಚಿಯಲ್ಲಿ ಅವನೊಂದಿಗೆ ಲಂಡನ್ನಿನ ಹೋಟೆಲೊಂದರಲ್ಲಿ ಉಳಿದಳು. ಮನೆಗೆ ಬಂದ ಮೇಲೆ ಜಗಳವಾಯಿತು, ಗಂಡ ಹೊಡೆದ, ಕಣ್ಣು ಕಪ್ಪಾಯಿತು. ಏಪ್ರಿಲ್ ಕೊನೆಯಲ್ಲಿ ಗಂಡ ಹಾಸಿಗೆ ಹಿಡಿದ. ಅದಕ್ಕೆ ಕೆಲವೇ ದಿನ ಮೊದಲು ಆಕೆ ಔಷಧಿ ಅಂಗಡಿಯಿಂದ ನೊಣ ಕೊಲ್ಲುವ ಕಾಗದಗಳನ್ನು ತಂದು ಬೇಸಿನ್ನಿನಲ್ಲಿ ನೆನೆಹಾಕಿದ್ದನ್ನು ಮನೆಗೆಲಸದವಳು ನೋಡಿದ್ದಳು. ಆ ಕಾಗದದಲ್ಲಿ ಆರ್ಸೆನಿಕ್ ಇರುತ್ತಿತ್ತು. ಮುಖದ ಕಾಂತಿಗೆ ಅದರ ನೀರು ಹಚ್ಚಿಕೊಳ್ಳುತ್ತೇನೆ, ಚಿಕ್ಕಂದಿನಲ್ಲಿ ಜರ್ಮನಿಯ ಗೆಳತಿಯರಿಂದ ಕಲಿತದ್ದು ಎಂದು ಆಕೆ ಆಮೇಲೆ ಹೇಳಿದಳು. ನಗಬೇಡಿ, ಮುಖಕ್ಕೆ ಏನೇನು ಬಳಿದುಕೊಳ್ಳುತ್ತಾರೆ ಎಂಬುದರಲ್ಲಿ ನಾವೂ ಕಡಿಮೆಯವರಲ್ಲ.

ಮೇ 8ರಂದು ಮಗುವಿನ ದಾಯಿಯ ಕೈಗೆ ಒಂದು ಕಾಗದ ಕೊಟ್ಟು ಅಂಚೆಗೆ ಹಾಕು ಎಂದಳು. ಅದು ಆ ಸ್ನೇಹಿತನಿಗೆ ಬರೆದದ್ದು. ಕಾಗದ ಕೆಸರಿಗೆ ಬಿತ್ತು, ಲಕೋಟೆ ಬದಲಿಸಲೆಂದು ತೆರೆದೆ, ಕಣ್ಣಿಗೆ ಬಿತ್ತು ಎಂದು ದಾಯಿ ಕೋರ್ಟಿನಲ್ಲಿ ಹೇಳಿದಳು. ಕೆಸರಿಗೆ ಬಿದ್ದ ಆ ಕಾಗದ ಸೀದಾ ಗಂಡನ ಸೋದರರ ಕೈಸೇರಿತು. ಅವರು ಬಂದು ಮನೆಯ ಯಜಮಾನಿಕೆ ವಹಿಸಿಕೊಂಡರು. ಹೆಂಡತಿ ಕೊಟ್ಟದ್ದನ್ನು ರೋಗಿಗೆ ಕುಡಿಸಬೇಡಿ ಎಂದು ನರ್ಸುಗಳಿಗೆ ಕಟ್ಟಪ್ಪಣೆಯಾಯಿತು. ಮೇ 11ರಂದು ಜೇಮ್ಸ್ ಸತ್ತ. ಆಕೆ ತನ್ನದೇ ಕೋಣೆಯಲ್ಲಿ ಕೈದಿಯಾದಳು. ಮನೆ ಜಾಲಾಡಿದರೆ ಆರ್ಸೆನಿಕ್ ಎಲ್ಲೆಲ್ಲೂ ಸಿಕ್ಕಿತು, ಹತ್ತಾರು ಜನರನ್ನು ಕೊಲ್ಲುವಷ್ಟು. ಸತ್ತವನ ದೇಹದಲ್ಲಿ ಸಿಕ್ಕಿದ್ದು ಮಾತ್ರ ಒಬ್ಬನನ್ನು ಕೊಲ್ಲಲು ಬೇಕಾದುದಕ್ಕಿಂತ ಕಡಿಮೆ. ದಿನವೂ ಪಾಷಾಣ ತಿನ್ನುತ್ತಿದ್ದವನ ಮೈಯಲ್ಲಿ ಅಷ್ಟು ಇದ್ದದ್ದು ಯಾವ ಲೆಕ್ಕ? ವೈದ್ಯರಲ್ಲೇ ಎರಡು ಪಕ್ಷವಾಯಿತು. ಸರಕಾರಿ ಕಡೆಯವರು ವಿಷದಿಂದ ಸತ್ತ ಎಂದರು, ಆಕೆಯ ಕಡೆಯವರು ಹೊಟ್ಟೆ ಕರುಳಿನ ಉರಿಯೂತದಿಂದ ಸತ್ತ ಎಂದರು.

ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲಿನಲ್ಲಿ 1889ರ ಜುಲೈ 31ರಂದು ವಿಚಾರಣೆ ಶುರುವಾಯಿತು. ನ್ಯಾಯಪೀಠದಲ್ಲಿ ಕೂತವರು ಸರ್ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್.

ಈ ಹೆಸರನ್ನು ನಮ್ಮ ವಕೀಲರೆಲ್ಲ ಬಲ್ಲರು. ಸ್ಟೀಫನ್ 1869ರಿಂದ 1872ರವರೆಗೆ ಭಾರತದಲ್ಲಿ ವೈಸರಾಯರ ಕೌನ್ಸಿಲಿನ ಕಾನೂನು ಸದಸ್ಯರಾಗಿದ್ದರು. ನಮ್ಮ 1872ರ ಎವಿಡೆನ್ಸ್ ಆಕ್ಟ್ ಅವರ ಕೈಯಿಂದ ಬಂದದ್ದು. 2024ರ ಜುಲೈ 1ರಂದು ಹೊಸ ಕಾಯಿದೆ ಬರುವವರೆಗೆ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ, ನಮ್ಮ ತಾಲ್ಲೂಕು ಕೋರ್ಟುಗಳಲ್ಲೂ ಸಾಕ್ಷಿ ನುಡಿಸಿದ್ದು ಅದೇ. ಅಪೀಲು, ಗಲ್ಲಿನ ದೃಢೀಕರಣ ಎಲ್ಲವನ್ನೂ ಒಪ್ಪ ಮಾಡಿದೆ ಎಂದೆನಲ್ಲ, ಆ 1872ರ ದಂಡ ಪ್ರಕ್ರಿಯಾ ಸಂಹಿತೆಯೂ ಅವರ ಕಾಲದ್ದೇ. ನಿರಪರಾಧಿ ಎಂದು ಬಿಟ್ಟವನ ಮೇಲೆ ಸರಕಾರವೂ ಅಪೀಲು ಹೋಗಬಹುದು ಎಂಬ ಕಲಮು ಸೇರಿದ್ದೂ ಅದರಲ್ಲೇ, ಅದು ಬೇರೆ ಮಾತು. ಸಾಹಿತ್ಯ ಓದುವ ಗೆಳತಿಯರಿಗೆ ಇನ್ನೊಂದು ಗುರುತು ಹೇಳುತ್ತೇನೆ. ಹೆಣ್ಣು ಬರೆಯಬೇಕಾದರೆ ಅವಳದೇ ಒಂದು ಕೋಣೆ ಬೇಕು ಎಂದಳಲ್ಲ ವರ್ಜೀನಿಯಾ ವುಲ್ಫ್, ಆಕೆಯ ಸ್ವಂತ ದೊಡ್ಡಪ್ಪ ಇವರು. ಆಗ ಆಕೆ ಏಳು ವರ್ಷದ ಮಗು.

ಬಿಜಾಪುರದ ರೈತನೊಬ್ಬನಿಗೆ ಗಲ್ಲಾದರೆ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು ಅವನ ಕಡತ ಓದಲೇಬೇಕು ಎಂಬ ಸಂಹಿತೆಯನ್ನು ಒಪ್ಪ ಮಾಡಿಸಿದ ಇದೇ ಮನುಷ್ಯ, ತನ್ನ ಸ್ವಂತ ನಾಡಿನಲ್ಲಿ ಹೆಂಗಸೊಬ್ಬಳಿಗೆ ಗಲ್ಲು ವಿಧಿಸಿದಾಗ ಆ ಕಡತವನ್ನು ಓದಬೇಕಾದ ಇನ್ನೊಬ್ಬ ನ್ಯಾಯಾಧೀಶ ಇಡೀ ದೇಶದಲ್ಲಿ ಇರಲಿಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗಿಯರು ನಂಬುತ್ತಿರಲಿಲ್ಲ.

ಆ ಹೊತ್ತಿಗೆ ಸ್ಟೀಫನ್‌ರ ಆರೋಗ್ಯ ಕೆಟ್ಟಿತ್ತು. ಜ್ಯೂರಿಗಳಿಗೆ ಪ್ರಕರಣ ವಿವರಿಸಿ ಹೇಳಲು ಅವರು ಎರಡು ದಿನ ತೆಗೆದುಕೊಂಡರು. ಮೊದಮೊದಲು ಸಮಚಿತ್ತದಿಂದಿದ್ದವರು ಎರಡನೆಯ ದಿನ ಆಕೆಯ ನಡತೆಗೆ ಇಳಿದರು. ಗಂಡನಿಗೆ ದ್ರೋಹ ಬಗೆದವಳು ವಿಷ ಹಾಕಲು ಹೇಸುವಳೇ ಎಂಬ ಧಾಟಿ. ಗಂಡನ ಇನ್ನೊಂದು ಸಂಸಾರದ ಮಾತು ಹಾಗೆ ತೂಕಕ್ಕೆ ಬರಲಿಲ್ಲ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಕೊಲೆಯ ಆಪಾದಿತರು ಪ್ರಮಾಣ ಮಾಡಿ ಸಾಕ್ಷಿ ಹೇಳುವಂತೆಯೂ ಇರಲಿಲ್ಲ, ಆ ಅವಕಾಶ ಬಂದದ್ದು 1898ರಲ್ಲಿ. ಆಕೆ ಬರಿಯ ಹೇಳಿಕೆಯೊಂದನ್ನು ಕೊಟ್ಟಳು. ಜ್ಯೂರಿಗಳು ಹನ್ನೆರಡೂ ಜನ ಗಂಡಸರು. ಹೆಂಗಸರು ಆ ನಾಡಿನ ಜ್ಯೂರಿಯಲ್ಲಿ ಕೂರುವಂತಾಗಲು ಇನ್ನೂ ಮೂವತ್ತು ವರ್ಷ ಬೇಕಾಗಿತ್ತು. ಆಗಸ್ಟ್ 7ರಂದು ಅವರು ಒಳಗೆ ಹೋಗಿ ಮುಕ್ಕಾಲು ಗಂಟೆಯೊಳಗೆ ಹೊರಗೆ ಬಂದರು. ಅಪರಾಧಿ. ಗಲ್ಲು. ಹೊರಗೆ ನೆರೆದಿದ್ದ ಜನ ನ್ಯಾಯಾಧೀಶರ ಗಾಡಿಗೆ ಛೀಮಾರಿ ಹಾಕಿದರು. ಬೆಳಿಗ್ಗೆಯವರೆಗೆ ಆಕೆಯನ್ನು ಹಳಿದವರೂ ಸಂಜೆಗೆ ಆಕೆಯ ಪರವಾಗಿದ್ದರು.

ಈಗ ಆಕೆಯ ತಾಯಿ ಎಲ್ಲಿಗೆ ಹೋಗಬೇಕು? ಒಂದೇ ಬಾಗಿಲು ತೆರೆದಿತ್ತು, ಅದು ಕೋರ್ಟಿನ ಬಾಗಿಲಲ್ಲ. ರಾಣಿಯ ಹೆಸರಿನಲ್ಲಿ ದಯೆ ತೋರಿಸುವ ಅಧಿಕಾರ ಗೃಹಮಂತ್ರಿಗಿತ್ತು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಕಾಗದ ಓದುತ್ತಾನೆ, ಯಾರನ್ನೋ ಕೇಳುತ್ತಾನೆ, ಏನೋ ತೀರ್ಮಾನಿಸುತ್ತಾನೆ. ವಕೀಲರ ವಾದವಿಲ್ಲ, ಎದುರು ಸಾಕ್ಷಿಯಿಲ್ಲ, ಕಾರಣ ಕೊಡಬೇಕೆಂದೂ ಇಲ್ಲ. ಲಕ್ಷಗಟ್ಟಲೆ ಜನ ರುಜು ಹಾಕಿದ ಮನವಿಗಳು ಹೋದವು. ಮಂತ್ರಿ ಹೆನ್ರಿ ಮ್ಯಾಥ್ಯೂಸ್ ಆಗಸ್ಟ್ 22ರಂದು ಗಲ್ಲನ್ನು ಜೀವಾವಧಿ ಕಠಿಣ ಸಜೆಗೆ ಇಳಿಸಿದ. ಅವನು ಕೊಟ್ಟ ಕಾರಣದ ತಿರುಳು ಇದು. ಕೊಲ್ಲುವ ಉದ್ದೇಶದಿಂದ ಆಕೆ ಗಂಡನಿಗೆ ಆರ್ಸೆನಿಕ್ ಕೊಟ್ಟದ್ದು ನಿಜ, ಆದರೆ ಅವನು ಸತ್ತದ್ದು ಅದರಿಂದಲೇ ಎಂಬುದರಲ್ಲಿ ನ್ಯಾಯವಾದ ಸಂಶಯ ಉಳಿದಿದೆ.

ಇದನ್ನು ಎರಡು ಸಲ ಓದಿ. ಸಾವಿಗೆ ವಿಷವೇ ಕಾರಣವೋ ಎಂಬ ಸಂಶಯವಿದ್ದರೆ ಕೊಲೆಯೇ ಸಾಬೀತಾಗಲಿಲ್ಲ. ಉಳಿದದ್ದು ಕೊಲ್ಲಲು ಪ್ರಯತ್ನಿಸಿದ್ದು. ಅದರ ಆರೋಪ ಆಕೆಯ ಮೇಲೆ ಹೊರಿಸಿರಲೇ ಇಲ್ಲ, ಯಾವ ಜ್ಯೂರಿಯೂ ಅದನ್ನು ವಿಚಾರಿಸಿರಲಿಲ್ಲ. ಆಪಾದನೆಯಿಲ್ಲದ ಒಂದು ಅಪರಾಧಕ್ಕೆ, ಮಂತ್ರಿಯೊಬ್ಬ ತನ್ನ ಕೋಣೆಯಲ್ಲಿ ಕೂತು ವಿಧಿಸಿದ ಶಿಕ್ಷೆಯನ್ನು ಆಕೆ ಅನುಭವಿಸಿದಳು. ಅಪೀಲು ಕೋರ್ಟೊಂದು ಇದ್ದಿದ್ದರೆ ಇಂಥ ವಾಕ್ಯವನ್ನು ಬರೆದು ದಕ್ಕಿಸಿಕೊಳ್ಳುವುದು ಆಗುತ್ತಿರಲಿಲ್ಲ. ದಯೆಗೆ ತರ್ಕ ಬೇಕಿಲ್ಲ. ದಯೆ ತೋರಿಸುವವರನ್ನು ಮರುಪ್ರಶ್ನೆ ಕೇಳುವಂತಿಲ್ಲ. ನಮ್ಮ ಮನೆಗಳಲ್ಲಿ ದಯೆಯಿಂದ ಬದುಕಿದ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಕೆಯ ಪರವಾಗಿ ವಾದಿಸಿದ್ದ ಸರ್ ಚಾರ್ಲ್ಸ್ ರಸೆಲ್ 1894ರಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾದರು. ದೇಶದ ನ್ಯಾಯಪೀಠಗಳಲ್ಲಿ ಅತಿ ಎತ್ತರದ್ದು. ಆ ಪೀಠದಲ್ಲಿ ಕೂತವರು ಆಕೆ ನಿರಪರಾಧಿ ಎಂದು ಕೊನೆಯವರೆಗೂ ನಂಬಿದ್ದರು, ಜೈಲಿಗೆ ಹೋಗಿ ಕಂಡರು, ಗೃಹಮಂತ್ರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಆದರೆ ಪ್ರಕರಣವನ್ನು ತಾವು ತರಿಸಿಕೊಂಡು ನೋಡುವ ಅಧಿಕಾರ ಅವರಿಗಿರಲಿಲ್ಲ. ಮುಖ್ಯ ನ್ಯಾಯಾಧೀಶರೂ ಆಕೆಯ ತಾಯಿಯ ಹಾಗೆಯೇ ಅರ್ಜಿದಾರರು. ಮ್ಯಾಥ್ಯೂಸ್ ಹೋಗಿ ಆಸ್ಕ್ವಿತ್ ಬಂದ, ಮುಂದೆ ಪ್ರಧಾನಿಯಾದವನು, ಅವನೂ ಒಲ್ಲೆನೆಂದ. 1900ರಲ್ಲಿ ರಸೆಲ್ ತೀರಿಕೊಂಡರು. ತಾಯಿ ಬ್ಯಾರೊನೆಸ್ ಫಾನ್ ರೋಕ್ ಮಾತ್ರ ಬಿಡಲಿಲ್ಲ. ಫ್ರಾನ್ಸಿನಿಂದ ಕಡಲು ದಾಟಿ ಬಂದು ಮಗಳ ಮುಖ ನೋಡಿ ಹೋಗುವುದು, ಮತ್ತೆ ಅರ್ಜಿ, ಮತ್ತೆ ತಿರಸ್ಕಾರ. ತೀರ್ಪು ಕೊಟ್ಟ ಸ್ಟೀಫನ್ ಬುದ್ಧಿ ಮಂಕಾಗಿ 1891ರಲ್ಲಿ ಪೀಠ ಬಿಟ್ಟಿದ್ದರು, 1894ರಲ್ಲಿ ತೀರಿಯೂ ಹೋದರು. ತೀರ್ಪು ಕೊಡುವಾಗಲೇ ಅವರ ಬುದ್ಧಿ ಸ್ತಿಮಿತದಲ್ಲಿತ್ತೇ ಎಂದು ಪತ್ರಿಕೆಗಳು ಕೇಳಿದವು. ಆ ಪ್ರಶ್ನೆಯನ್ನು ಎತ್ತಲು ಒಂದು ಕಟಕಟೆ ಬೇಕಲ್ಲ, ಅದಿರಲಿಲ್ಲ. 1904ರ ಜನವರಿಯಲ್ಲಿ ಆಕೆ ಹೊರಬಂದಳು, ಹದಿನೈದನೆಯ ವರ್ಷದಲ್ಲಿ. ಬಿಡುಗಡೆಯಷ್ಟೇ, ನಿರಪರಾಧಿ ಎಂಬ ಮಾತು ಬರಲಿಲ್ಲ.

ಇಷ್ಟೆಲ್ಲ ಆದರೂ ಕಾನೂನು ಬದಲಾಗಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅಪೀಲು ಕೋರ್ಟು ಬೇಕೆಂದು 1844ರಿಂದ ಪಾರ್ಲಿಮೆಂಟಿನಲ್ಲಿ ಮೂವತ್ತರಷ್ಟು ಮಸೂದೆಗಳು ಬಂದು ಬಿದ್ದುಹೋಗಿದ್ದವು. ನ್ಯಾಯಾಧೀಶರೇ ಹೆಚ್ಚಾಗಿ ವಿರೋಧಿಸಿದರು. ಎಲ್ಲರೂ ಅಪೀಲು ಹೋದರೆ ಕೆಲಸ ಸಾಗುವುದೆಂತು, ಜ್ಯೂರಿಯ ಮರ್ಯಾದೆ ಏನಾಗಬೇಕು ಎಂದು ಅವರ ಚಿಂತೆ. ಕಾನೂನಿನ ತೊಡಕೇನಾದರೂ ಕಂಡರೆ ವಿಚಾರಣೆ ನಡೆಸಿದ ನ್ಯಾಯಾಧೀಶನೇ ಮನಸ್ಸು ಮಾಡಿ ಆ ಒಂದು ಪ್ರಶ್ನೆಯನ್ನು ಉಳಿದ ನ್ಯಾಯಾಧೀಶರ ಮುಂದಿಡಬಹುದು ಎಂಬ ಏರ್ಪಾಡು 1848ರಲ್ಲಿ ಬಂದಿತ್ತು. ಅಂದರೆ, ನನ್ನದು ತಪ್ಪಿರಬಹುದೇ ಎಂದು ಅವನಿಗೇ ಅನ್ನಿಸಬೇಕು.

ಕೊನೆಗೆ ಬಾಗಿಲು ಒಡೆದದ್ದು ಇಬ್ಬರು ಗಂಡಸರ ಕಥೆ. ಅದರಲ್ಲಿ ಮೊದಲನೆಯದರ ತುಂಬ ಹೆಂಗಸರೇ.

ಅಡಾಲ್ಫ್ ಬೆಕ್ ನಾರ್ವೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದವನು. 1895ರ ಡಿಸೆಂಬರಿನ ಒಂದು ಸಂಜೆ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ಒಬ್ಬ ಹೆಂಗಸು ಅವನನ್ನು ಅಡ್ಡಗಟ್ಟಿ, ನನ್ನ ಗಡಿಯಾರಗಳೆಲ್ಲಿ ಎಂದಳು. ಆ ದಿನಗಳಲ್ಲಿ ಒಬ್ಬ ಠಕ್ಕ ತಾನು ಲಾರ್ಡ್ ಎಂದು ಹೇಳಿಕೊಂಡು ಒಂಟಿ ಹೆಂಗಸರ ಸ್ನೇಹ ಮಾಡುತ್ತಿದ್ದ. ನಿನ್ನನ್ನು ನನ್ನ ಮನೆ ನೋಡಿಕೊಳ್ಳಲು ಇಟ್ಟುಕೊಳ್ಳುತ್ತೇನೆ, ಪ್ರವಾಸಕ್ಕೆ ಕರೆದೊಯ್ಯುತ್ತೇನೆ ಎಂದು ಬಟ್ಟೆಬರೆಗೆ ಚೆಕ್ಕು ಬರೆದುಕೊಟ್ಟು, ಅಳತೆಗೆಂದು ಉಂಗುರ, ರಿಪೇರಿಗೆಂದು ಗಡಿಯಾರ ಒಯ್ದು ಮಾಯವಾಗುತ್ತಿದ್ದ. ಚೆಕ್ಕಿಗೆ ಬೆಲೆಯಿರುತ್ತಿರಲಿಲ್ಲ. ಒಬ್ಬರ ಹಿಂದೊಬ್ಬರಂತೆ ಮೋಸಹೋದ ಹೆಂಗಸರು ಬೆಕ್‌ನನ್ನೇ ತೋರಿಸಿ ಇವನೇ ಎಂದರು. 1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನಲ್ಲಿ ಇದೇ ಬಗೆಯ ಮೋಸಕ್ಕೆ ಜೈಲಿಗೆ ಹೋದವನೂ ಇವನೇ ಎಂದು ಹಳೆಯ ಪೋಲೀಸನೊಬ್ಬ ಹೇಳಿದ. ಬೆಕ್ ಆಗ ದಕ್ಷಿಣ ಅಮೆರಿಕದ ಪೆರುವಿನಲ್ಲಿದ್ದ. ಅದನ್ನು ತೋರಿಸಲು ಅವನ ವಕೀಲರು ತಯಾರಿದ್ದರು. ಆದರೆ 1877ರ ವಿಷಯ ಈ ಮೊಕದ್ದಮೆಗೆ ಸಂಬಂಧವಿಲ್ಲ ಎಂದು ನ್ಯಾಯಾಧೀಶರು ತಡೆದರು. ಆ ನ್ಯಾಯಾಧೀಶ ಫಾರೆಸ್ಟ್ ಫುಲ್ಟನ್, 1877ರಲ್ಲಿ ಜಾನ್ ಸ್ಮಿತ್‌ನ ವಿರುದ್ಧ ಸರಕಾರದ ಪರ ವಾದಿಸಿದ್ದವರು! 1896ರ ಮಾರ್ಚ್ 5ರಂದು ಬೆಕ್‌ಗೆ ಏಳು ವರ್ಷ ಸಜೆಯಾಯಿತು.

ಅವನ ವಕೀಲರು ಗೃಹ ಇಲಾಖೆಗೆ ಹತ್ತು ಸಲ ಅರ್ಜಿ ಹಾಕಿದರು. 1898ರಲ್ಲಿ ಇಲಾಖೆಯ ಗುಮಾಸ್ತರು ಹಳೆಯ ಜೈಲು ಕಡತ ತೆಗೆದು ನೋಡಿದರೆ ಜಾನ್ ಸ್ಮಿತ್ ಯೆಹೂದಿ, ಸುನ್ನತಿಯಾದವನು. ಬೆಕ್‌ಗೆ ಸುನ್ನತಿಯಾಗಿರಲಿಲ್ಲ. ಮೈಯೇ ಸಾಕ್ಷಿ ಹೇಳಿತ್ತು. ಆಗ ಇಲಾಖೆ ಮಾಡಿದ್ದೇನು? ಅದೇ ಫುಲ್ಟನ್‌ರ ಅಭಿಪ್ರಾಯ ಕೇಳಿತು. ಅವನು ಸ್ಮಿತ್ ಅಲ್ಲದಿದ್ದರೂ 1896ರ ಅಪರಾಧ ಇದ್ದೇ ಇದೆ ಎಂದು ಉತ್ತರ ಬಂತು. ಹಳೆಯ ಅಪರಾಧಿ ಎಂಬ ಗುರುತಿನ ನಂಬರನ್ನು ಕಿತ್ತು ಹೊಸ ನಂಬರು ಕೊಟ್ಟರು, ಅಷ್ಟೇ. ಸೊಸೆಯ ದೂರನ್ನು ಅತ್ತೆಯ ಬಳಿಯೇ ವಿಚಾರಣೆಗೆ ಕಳಿಸಿದ ಹಾಗೆ.

1901ರಲ್ಲಿ ಬಿಡುಗಡೆಯಾದವನನ್ನು 1904ರಲ್ಲಿ ಮತ್ತೆ ಹಿಡಿದರು, ಮತ್ತೆ ಹೆಂಗಸರು ಇವನೇ ಎಂದರು, ಮತ್ತೆ ಜ್ಯೂರಿ ಅಪರಾಧಿ ಎಂದಿತು. ಈ ಸಲದ ನ್ಯಾಯಾಧೀಶರಿಗೆ ಏನೋ ಅನುಮಾನ ಬಂದು ಶಿಕ್ಷೆ ಹೇಳುವುದನ್ನು ಮುಂದಕ್ಕೆ ಹಾಕಿದರು. ಬೆಕ್ ಜೈಲಿನೊಳಗಿದ್ದಾಗಲೇ, ಹತ್ತು ದಿನದ ಅಂತರದಲ್ಲಿ, ಇಬ್ಬರು ನಟಿಯರ ಉಂಗುರ ಅಡವಿಡಲು ಹೋದವನೊಬ್ಬ ಸಿಕ್ಕಿಬಿದ್ದ. ಅವನೇ ಅಸಲಿ ಜಾನ್ ಸ್ಮಿತ್. ಎರಡು ವಿಚಾರಣೆ ಸೇರಿ ಹತ್ತಕ್ಕೂ ಹೆಚ್ಚು ಹೆಂಗಸರು ಆಣೆ ಮಾಡಿ ಗುರುತಿಸಿದ್ದರು. ಅವರು ಸುಳ್ಳು ಹೇಳಿದರೆಂದು ನನಗನ್ನಿಸುವುದಿಲ್ಲ. ಮೋಸಹೋದ ನಾಚಿಕೆ, ಸಿಟ್ಟು, ಎದುರಿಗೆ ಪೋಲೀಸರು ತಂದು ನಿಲ್ಲಿಸಿದ ನರೆಗೂದಲ ಗಂಡಸು. ಮನಸ್ಸು ತನಗೆ ಬೇಕಾದ ಮುಖವನ್ನು ಕಂಡಿತು. ಇಂಥ ತಪ್ಪು ಎಲ್ಲ ಕಾಲದಲ್ಲೂ ಆಗುವಂಥದು. ತಿದ್ದಲು ಜಾಗವಿಲ್ಲದಿದ್ದುದು ಮಾತ್ರ ಆ ನಾಡಿನ ತಪ್ಪು.

ಎರಡನೆಯವನು ನಮ್ಮವನೇ ಎನ್ನಬಹುದು. ಮುಂಬಯಿಯ ಪಾರ್ಸಿ ಶಾಪುರ್‌ಜಿ ಎದಲ್ಜಿ ಕ್ರೈಸ್ತನಾಗಿ, ಇಂಗ್ಲೆಂಡಿಗೆ ಹೋಗಿ, ಸ್ಟಾಫರ್ಡ್‌ಶೈರಿನ ಗ್ರೇಟ್ ವರ್ಲಿ ಎಂಬ ಹಳ್ಳಿಯ ಚರ್ಚಿನ ಪಾದ್ರಿಯಾದ. ಹೆಂಡತಿ ಇಂಗ್ಲಿಷಿನವಳು. ಮಗ ಜಾರ್ಜ್ ಬರ್ಮಿಂಗ್‌ಹ್ಯಾಮಿನಲ್ಲಿ ಸಾಲಿಸಿಟರ್ ಆಗಿದ್ದ, ಮೆತ್ತಗಿನ ಹುಡುಗ. ಕಪ್ಪು ಪಾದ್ರಿಯ ಮನೆಗೆ ಹೆಸರಿಲ್ಲದ ಹೊಲಸು ಕಾಗದಗಳು ವರ್ಷಗಟ್ಟಲೆ ಬರುತ್ತಿದ್ದವು. 1903ರಲ್ಲಿ ಆ ಸೀಮೆಯಲ್ಲಿ ರಾತ್ರಿಹೊತ್ತು ಯಾರೋ ದನ, ಕುದುರೆ, ಕುರಿಗಳ ಹೊಟ್ಟೆ ಸೀಳತೊಡಗಿದರು. ಪೋಲೀಸರು ಜಾರ್ಜ್‌ನನ್ನು ಹಿಡಿದರು. ಆ ರಾತ್ರಿ ಬಾಗಿಲು ಹಾಕಿಕೊಂಡು ನನ್ನ ಕೋಣೆಯಲ್ಲೇ ಮಲಗಿದ್ದ ಎಂದು ತಂದೆ ಸಾಕ್ಷಿ ನುಡಿದರೂ ನಂಬಲಿಲ್ಲ. ಅವನು ಸೆರೆಯಲ್ಲಿದ್ದಾಗಲೇ ಇನ್ನೊಂದು ಕುದುರೆಯ ಹೊಟ್ಟೆ ಸೀಳಿತು. ಅದು ಇವನ ಗುಂಪಿನವರ ಕೆಲಸ ಎಂದರು. ಏಳು ವರ್ಷ ಸಜೆ. ಕಾಗದಗಳ ಕೈಬರಹ ಇವನದೇ ಎಂದು ಹೇಳಿದ ತಜ್ಞ ಗುರ್ರಿನ್, ಬೆಕ್‌ನ ಪ್ರಕರಣದಲ್ಲೂ ಇವನದೇ ಬರಹ ಎಂದವನು!

ಹತ್ತು ಸಾವಿರ ಜನ ರುಜು ಹಾಕಿದರು. 1906ರಲ್ಲಿ, ಮೂರು ವರ್ಷ ಕಳೆದ ಮೇಲೆ, ಕಾರಣ ಹೇಳದೆ ಬಿಟ್ಟರು. ಅಪರಾಧಿಯೆಂಬ ಹಣೆಪಟ್ಟಿಯಿಂದ ವಕೀಲಿ ಮಾಡುವಂತಿರಲಿಲ್ಲ. ಷರ್ಲಾಕ್ ಹೋಮ್ಸ್‌ನ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಅವನನ್ನು ಭೇಟಿಮಾಡಲು ಹೋಟೆಲಿಗೆ ಹೋದಾಗ ಈತ ಪತ್ರಿಕೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿದು ಓದುತ್ತಿದ್ದ. ಡಾಯ್ಲ್ ಕಣ್ಣಿನ ವೈದ್ಯಕೀಯ ಓದಿದ್ದವರು. ಹಗಲಲ್ಲೇ ಇಷ್ಟು ಮಬ್ಬು ಕಾಣುವವನು ಕತ್ತಲಲ್ಲಿ ರೈಲು ಹಳಿ, ಬೇಲಿ, ಹೊಲ ದಾಟಿ ಹೋಗಿ ಕುದುರೆಯನ್ನು ಸೀಳಿದನೇ? 1907ರ ಜನವರಿಯಲ್ಲಿ ಅವರು ಡೈಲಿ ಟೆಲಿಗ್ರಾಫಿನಲ್ಲಿ ಬರೆದದ್ದು ಊರೂರು ಮಾತಾಯಿತು. ಸರಕಾರ ಮೂವರ ಸಮಿತಿ ಮಾಡಿತು. ಮೇ ತಿಂಗಳಲ್ಲಿ ಕ್ಷಮಾದಾನ ಬಂತು, ಪರಿಹಾರ ಬರಲಿಲ್ಲ. ಕಾಗದಗಳನ್ನು ಅವನೇ ಬರೆದಿದ್ದ, ಹಾಗಾಗಿ ತನ್ನ ಕಷ್ಟವನ್ನು ತಾನೇ ತಂದುಕೊಂಡ ಎಂದಿತು ಸಮಿತಿ. ಮಾಡದ ತಪ್ಪಿಗೆ ಕ್ಷಮೆ! ಇಂಗ್ಲಿಷರ ಈ ಶಬ್ದವೇ ನನಗೆ ಸೋಜಿಗ.

ಅದೇ 1907ರಲ್ಲಿ ಕಾಯಿದೆಯಾಗಿ, 1908ರ ಏಪ್ರಿಲಿನಿಂದ ಕ್ರಿಮಿನಲ್ ಅಪೀಲು ಕೋರ್ಟು ಜಾರಿಗೆ ಬಂತು. ಮೂವರು ನ್ಯಾಯಾಧೀಶರು ಕೂರುವುದು. ಕಾನೂನಿನ ತಪ್ಪಿದ್ದರೆ ಹಕ್ಕಿನಿಂದ, ಸಾಕ್ಷ್ಯದ ಅಥವಾ ಶಿಕ್ಷೆಯ ಪ್ರಶ್ನೆಯಾದರೆ ಅನುಮತಿ ಪಡೆದು ಹೋಗುವುದು. ಜೊತೆಗೊಂದು ಮುಳ್ಳನ್ನೂ ಇಟ್ಟರು. ಶಿಕ್ಷೆ ಹೆಚ್ಚಾಯಿತು ಎಂದು ಹೋದವನ ಶಿಕ್ಷೆಯನ್ನು ಕೋರ್ಟು ಇನ್ನೂ ಹೆಚ್ಚಿಸಬಹುದಿತ್ತು. ಗೃಹಮಂತ್ರಿಯ ದಯೆಯ ಬಾಗಿಲೂ ಹಾಗೇ ಉಳಿಯಿತು. ಅದನ್ನೂ ಮುಗಿಸಿ ಬಂದವರ ಪ್ರಕರಣಗಳನ್ನು ಕೆದಕಿ ಕೋರ್ಟಿಗೆ ಕಳಿಸಲು ಸ್ವತಂತ್ರ ಆಯೋಗವೊಂದು ಕೆಲಸ ಶುರುಮಾಡಿದ್ದು 1997ರಲ್ಲಿ. ಬೆಕ್‌ಗೆ ಸರಕಾರ 5,000 ಪೌಂಡು ಕೊಟ್ಟಿತು. ಅದು ಕರಗಿಹೋಗಿ 1909ರಲ್ಲಿ ಬಡತನದಲ್ಲೇ ಸತ್ತ. ಎದಲ್ಜಿ ಮತ್ತೆ ವಕೀಲಿ ಹಿಡಿದ, ತಂಗಿ ಮಾಡ್ ಜೊತೆಗಿದ್ದು 1953ರಲ್ಲಿ ತೀರಿಕೊಂಡ.

ಹಾಗೆಂದು ಬ್ರಿಟಿಷರು ನಮಗೇ ಹೆಚ್ಚು ನ್ಯಾಯ ಬಡಿಸಿದರು ಎಂದು ಯಾರೂ ಉಬ್ಬಬೇಕಾಗಿಲ್ಲ. ನಮ್ಮ ಅಪೀಲಿನಲ್ಲೂ ಒಂದು ದೊಡ್ಡ ತೂತು ಇತ್ತು. ಮುಂಬಯಿ, ಕಲ್ಕತ್ತ, ಮದರಾಸು ನಗರಗಳಲ್ಲಿ ಹೈಕೋರ್ಟೇ ಜ್ಯೂರಿ ಕೂರಿಸಿ ವಿಚಾರಣೆ ಮಾಡಿದರೆ, ಇಂಗ್ಲೆಂಡಿನ ಹಳೆಯ ಪದ್ಧತಿಯಂತೆ ಅದಕ್ಕೆ ಅಪೀಲಿರಲಿಲ್ಲ. ಲಂಡನ್ನಿನಲ್ಲಿ ಅಪೀಲು ಕೋರ್ಟು ಬಂದು ಮೂರು ತಿಂಗಳಾಗಿತ್ತು. 1908ರ ಜುಲೈ 22ರ ರಾತ್ರಿ ಮುಂಬಯಿ ಹೈಕೋರ್ಟಿನಲ್ಲಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹಕ್ಕಾಗಿ ಆರು ವರ್ಷ ಗಡೀಪಾರಾಯಿತು. ಜ್ಯೂರಿಯ ಒಂಬತ್ತು ಜನರಲ್ಲಿ ಏಳು ಯೂರೋಪಿಯನ್ನರು ಅಪರಾಧಿ ಎಂದರು, ಇಬ್ಬರು ಪಾರ್ಸಿಗಳು ಅಲ್ಲ ಎಂದರು. ಪ್ರಿವಿ ಕೌನ್ಸಿಲಿಗೆ ಹೋಗಲು ಅನುಮತಿ ಕೇಳಿದರೆ ಹೈಕೋರ್ಟು ಕೊಡಲಿಲ್ಲ. ಮಂಡಾಲೆಯ ಜೈಲಿನಲ್ಲಿ ತಿಲಕರು ಗೀತಾರಹಸ್ಯ ಬರೆದರು. ಅವರು ಹೊರಗಿದ್ದ ಕಾಲದಲ್ಲೇ, 1912ರಲ್ಲಿ, ಅವರ ಹೆಂಡತಿ ಸತ್ಯಭಾಮಾಬಾಯಿ ಪುಣೆಯಲ್ಲಿ ತೀರಿಹೋದರು. ಮೇಲಿನ ಬಾಗಿಲು ಮುಚ್ಚಿದಾಗ ಅದರಾಚೆ ಉಳಿಯುವವರಲ್ಲಿ ಇಂಥವರೂ ಇರುತ್ತಾರೆ, ಅವರ ಹೆಸರು ತೀರ್ಪಿನಲ್ಲಿ ಬರುವುದಿಲ್ಲ.

ಈಗ ನಮ್ಮಲ್ಲಿ ಬಾಗಿಲುಗಳು ಬೇಕಾದಷ್ಟಿವೆ. ಹೈಕೋರ್ಟು, ಸುಪ್ರೀಂ ಕೋರ್ಟು, ಅಲ್ಲೇ ಪುನರ್‌ಪರಿಶೀಲನೆ, ಅದೂ ಆದ ಮೇಲೆ ಕ್ಯುರೇಟಿವ್ ಅರ್ಜಿ. ಈ ಕೊನೆಯ ಬಾಗಿಲು 2002ರಲ್ಲಿ ತೆರೆದದ್ದು ಗಂಡಹೆಂಡಿರ ವಿಚ್ಛೇದನದ ಜಗಳವೊಂದರಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. ಕಟ್ಟಕಡೆಗೆ ರಾಜ್ಯಪಾಲರು, ರಾಷ್ಟ್ರಪತಿಗಳು. ಆದರೆ ಬಾಗಿಲೆಂದ ಮೇಲೆ ಒಳಗೆ ಏನು ಕಾದಿದೆಯೋ ಹೇಳಲಾಗದು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬು ಸಿಡಿಸಿ 22 ಜನ ಸತ್ತರಲ್ಲ, ಆ ಪ್ರಕರಣದ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಜೀವಾವಧಿ ವಿಧಿಸಿತು. ಟಾಡಾದಲ್ಲಿ ಹೈಕೋರ್ಟಿನ ಮೆಟ್ಟಿಲಿಲ್ಲ, ನೇರ ಸುಪ್ರೀಂ ಕೋರ್ಟು. ಅವರು ಬಿಡುಗಡೆ ಕೋರಿ ಅಪೀಲು ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ದಯಾ ಅರ್ಜಿ ಒಂಬತ್ತು ವರ್ಷ ಕೂತು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರಿದ್ದರು. 2014ರ ಜನವರಿ 21ರಂದು, ಇಷ್ಟು ವಿಳಂಬವೇ ಒಂದು ಹಿಂಸೆ ಎಂದು ಸುಪ್ರೀಂ ಕೋರ್ಟು ಇವರನ್ನೂ ಸೇರಿಸಿ ಹದಿನೈದು ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಸತ್ತ ಇಪ್ಪತ್ತೆರಡು ಜನರ ಮನೆಯ ಹೆಂಗಸರಿಗೆ ಆ ದಿನದ ಪತ್ರಿಕೆ ಹೇಗೆ ಕಂಡಿತೋ ಎಂದು ನಾನು ಯೋಚಿಸಿದ್ದುಂಟು. ಅವರ ಸಂಕಟ ದೊಡ್ಡದು. ಆದರೂ ಆ ತೀರ್ಪು ಸರಿಯೆಂದೇ ನನ್ನ ಮತ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಮಾತಾಯಿತು. ಅಲ್ಲಿಯವರೆಗೆ ಪುನರ್‌ಪರಿಶೀಲನೆಯ ಅರ್ಜಿಗಳನ್ನು ನ್ಯಾಯಾಧೀಶರು ಕೋಣೆಯೊಳಗೆ ಕಾಗದ ಓದಿ ತೀರ್ಮಾನಿಸುತ್ತಿದ್ದರು. ಗಲ್ಲಿನ ಪ್ರಕರಣವಾದರೆ ಮೂವರು ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ಕೂತು, ಗರಿಷ್ಠ ಅರ್ಧ ಗಂಟೆ, ವಕೀಲರ ಮಾತು ಕೇಳಬೇಕು ಎಂದು ತೀರ್ಪಾಯಿತು. ಅರ್ಧ ಗಂಟೆ ಎಂದರೆ ನಮಗೆ ಅನ್ನಕ್ಕಿಟ್ಟು ಸಾರಿಗೆ ಒಗ್ಗರಣೆ ಹಾಕುವಷ್ಟು ಹೊತ್ತು. ಆಕೆಯ ತಾಯಿಗೆ ಹದಿನೈದು ವರ್ಷದಲ್ಲಿ ಅಷ್ಟೂ ಸಿಗಲಿಲ್ಲ.

‘ಮೇಡಂ, ಆಕೆ ವಿಷ ಹಾಕಿದ್ದು ನಿಜವಾ?’ ಎಂದು ಹುಡುಗಿಯರು ಪ್ರತಿ ವರ್ಷ ಕೇಳುತ್ತಿದ್ದರು. ಪಾಠವೆಲ್ಲ ಕೇಳಿ ಕೊನೆಗೆ ಅವರಿಗೆ ಬೇಕಾದದ್ದು ಅದೊಂದೇ. ಅದನ್ನು ಹೇಳಬೇಕಾದ ಜಾಗದಲ್ಲಿ ಯಾರೂ ವಿಚಾರಿಸಲಿಲ್ಲವಲ್ಲಮ್ಮ, ಎಂದು ನಾನು ಹೇಳುತ್ತಿದ್ದೆ. ಆಮೇಲೆ ಆಕೆ ಏನಾದಳು ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರವಿದೆ.

ಅಮೆರಿಕಕ್ಕೆ ಮರಳಿ, ಕಳೆದುಹೋದ ಹದಿನೈದು ವರ್ಷಗಳ ಬಗ್ಗೆ ಒಂದು ಪುಸ್ತಕ ಬರೆದಳು. ಕೆಲವು ಕಾಲ ಊರೂರಿಗೆ ಹೋಗಿ ಭಾಷಣ ಮಾಡಿದಳು. ಸೆರೆಗೆ ಹೋಗುವಾಗ ಏಳು ವರ್ಷದ ಮಗ, ಮೂರು ವರ್ಷದ ಮಗಳು ಇದ್ದರು. ಅವರನ್ನು ಮತ್ತೆ ನೋಡಲಿಲ್ಲ. ಮಗ ಕೆನಡಾದ ಗಣಿಯಲ್ಲಿ ಇಂಜಿನಿಯರನಾಗಿ, 1911ರಲ್ಲಿ ಪ್ರಯೋಗಶಾಲೆಯಲ್ಲಿ ಸಯನೈಡ್ ಕುಡಿದು ಸತ್ತ. ನೀರೆಂದು ತಿಳಿದು ಕುಡಿದ ಎಂದರು. ಆಕೆ ಮೇಬ್ರಿಕ್ ಎಂಬ ಹೆಸರನ್ನು ಬಿಟ್ಟು ತವರಿನ ಚಾಂಡ್ಲರ್ ಹೆಸರಿನಲ್ಲಿ ಕನೆಕ್ಟಿಕಟ್ಟಿನ ಸೌತ್ ಕೆಂಟ್ ಎಂಬ ಹಳ್ಳಿಯಲ್ಲಿ ಸಣ್ಣ ಮನೆ ಮಾಡಿಕೊಂಡು, ಬೆಕ್ಕುಗಳನ್ನು ಸಾಕಿಕೊಂಡು ಇದ್ದಳು. ಅಲ್ಲಿನ ಶಾಲೆಯ ಹುಡುಗರು ಆಗಾಗ ಬೇಕಾದ್ದನ್ನು ತಂದುಕೊಡುತ್ತಿದ್ದರು. 1941ರ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಎಪ್ಪತ್ತೊಂಬತ್ತು. ಬೆಕ್ಕಿನ ಅಜ್ಜಿ ಯಾರೆಂದು ಹಳ್ಳಿಯ ಬಹುಪಾಲು ಜನಕ್ಕೆ ತಿಳಿದದ್ದು ಪತ್ರಿಕೆಯವರು ಬಂದ ಮೇಲೆ.